ಆರ್ಡಿತ್ ಪಳಗಿಸಿದ ಟರ್ಕಿ ಕೋಳಿ

ಆರ್ಡಿತ್ ಹಾಗನ್ ಇಪ್ಪತ್ತಾರು ವರ್ಷ ಟರ್ಕಿ ಕೋಳಿ ಸಾಕಿದವಳು. ಅಮೆರಿಕದ ಮಿನ್ನೆಸೋಟ ರಾಜ್ಯದ ಚಳಿಯಲ್ಲಿ ಬೆಳಗಾಗುವ ಮೊದಲೇ ಕೊಟ್ಟಿಗೆಗೆ ಹೋಗಿ, ಸಾವಿರಾರು ಹಕ್ಕಿಗಳಿಗೆ ಮೇವು ಹಾಕಿ ಹಾಕಿ ಅವಳ ಬೆರಳುಗಳು ಸೊಟ್ಟಗಾಗಿದ್ದವು. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದವನು ತಮ್ಮ ಲೈಲ್ ಒಬ್ಬ, ಅವನೂ ರಾಜ್ಯದ ಜೈಲಿನಲ್ಲಿ. ಹನ್ನೊಂದು ವರ್ಷದ ಹಿಂದೆ ಕುಡಿದ ಅಮಲಿನಲ್ಲಿ ಒಬ್ಬನಿಗೆ ಹೊಡೆದಿದ್ದ, ಹೊಡೆಸಿಕೊಂಡವನು ಸತ್ತುಹೋದ.

ಶಿಕ್ಷೆಯ ಹನ್ನೊಂದನೇ ವರ್ಷ ಲೈಲ್‌ನ ಯಕೃತ್ತು ಕೈಕೊಟ್ಟಿತು. ಚಳಿಗಾಲ ದಾಟುವುದು ಅನುಮಾನ ಎಂದರು ಡಾಕ್ಟರು. ಮನೆಯಲ್ಲಿ ಸಾಯಬೇಕು ಎನ್ನುವುದೊಂದೇ ಅವನ ಆಸೆ. ಆರ್ಡಿತ್ ರಾಜ್ಯದ ಕ್ಷಮಾ ಮಂಡಳಿಗೆ ಅರ್ಜಿ ಹಾಕಿದಳು. ನವೆಂಬರಿಗೆ ವಿಚಾರಣೆ ಗೊತ್ತಾಯಿತು.

ಅದೇ ಹೊತ್ತಿಗೆ ಅಧ್ಯಕ್ಷರಿಗೆ ಒಪ್ಪಿಸುವ ಟರ್ಕಿಯನ್ನು ಅವಳು ಕೆಲಸಕ್ಕಿದ್ದ ಫಾರ್ಮಿನ ಯಜಮಾನರ ಕೊಟ್ಟಿಗೆಯಿಂದಲೇ ಆರಿಸಿದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ದೇಶವೆಲ್ಲ ಟರ್ಕಿ ತಿನ್ನುವಾಗ ಅಧ್ಯಕ್ಷರು ಒಂದು ಹಕ್ಕಿಗೆ ಕ್ಷಮಾದಾನ ಕೊಟ್ಟು ಬಿಡುವುದು ಅಲ್ಲಿನ ವಾಡಿಕೆ. ಜನರ ಗದ್ದಲಕ್ಕೆ ಬೆದರದಂತೆ ಅದನ್ನು ಪಳಗಿಸುವ ಕೆಲಸ ಆರ್ಡಿತ್‌ಗೆ ಬಿತ್ತು. ಆರು ವಾರ ರೇಡಿಯೋ ಜೋರಾಗಿ ಹಾಕಿ, ಚಪ್ಪಾಳೆ ತಟ್ಟಿ, ಮೇಜಿನ ಮೇಲೆ ನಿಲ್ಲುವುದನ್ನು ಕಲಿಸಿದಳು. ಯಜಮಾನರು ಮೆಚ್ಚಿ, ವಾಷಿಂಗ್ಟನ್ನಿಗೆ ನೀನೂ ಬಾ ಎಂದರು.

ಸಮಾರಂಭ, ವಿಚಾರಣೆ ಎರಡೂ ಒಂದೇ ದಿನ.

ಜೈಲಿನ ಫೋನಿನಲ್ಲಿ ಲೈಲ್ ನಕ್ಕ. "ದೊಡ್ಡ ಯಜಮಾನ ಸಿಗ್ತಿರುವಾಗ ಗುಮಾಸ್ತನ ಬಾಗಿಲು ಯಾಕೆ ಕಾಯ್ತೀಯ, ಆರ್ಡಿ?"

ಅವಳಿಗೂ ಹಾಗೇ ಕಂಡಿತ್ತು. ಮಂಡಳಿಯಲ್ಲಿ ಕೂರುವ ಗವರ್ನರ್‌ಗಿಂತ ಅಧ್ಯಕ್ಷ ದೊಡ್ಡವನು, ಇದರಲ್ಲಿ ಕೇಳುವುದೇನಿದೆ? ಯಾರನ್ನೂ ಕೇಳದೆ ವಿಚಾರಣೆಯನ್ನು ಮುಂದಕ್ಕೆ ಹಾಕಿಸಿದಳು. ಮುಂದಿನ ಸಭೆ ಏಪ್ರಿಲ್‌ಗೆ.

ವಾಷಿಂಗ್ಟನ್ನಿನಲ್ಲಿ ಹಕ್ಕಿ ಅವಳ ಮರ್ಯಾದೆ ಉಳಿಸಿತು. ಚಪ್ಪಾಳೆಗೆ ರೆಕ್ಕೆ ಸಹ ಅಲುಗಿಸಲಿಲ್ಲ. ಅಧ್ಯಕ್ಷರು ತಮಾಷೆ ಮಾಡುತ್ತ ಅದರ ತಲೆಯ ಮೇಲೆ ಕೈಯಾಡಿಸಿ ಕ್ಷಮಿಸಿದರು. ಆರ್ಡಿತ್ ತಮ್ಮನಿಗೆ ಕ್ಷಮೆ ಕೋರಿ ಬರೆದು ಕೋಟಿನೊಳಗೆ ಇಟ್ಟುಕೊಂಡಿದ್ದ ಕಾಗದವನ್ನು ಅಲ್ಲಿದ್ದ ಅಧಿಕಾರಿಣಿಯ ಕೈಗಿತ್ತಳು. ಆಕೆ ಒಳ್ಳೆಯವಳು, ನಿಂತಲ್ಲೇ ಓದಿದಳು.

"ಇದು ರಾಜ್ಯದ ಕೋರ್ಟು ಕೊಟ್ಟ ಶಿಕ್ಷೆ, ಮೇಡಂ. ಅಧ್ಯಕ್ಷರು ಮಾಫಿ ಮಾಡೋಕಾಗೋದು ಕೇಂದ್ರದ ಶಿಕ್ಷೆ ಮಾತ್ರ. ಇದಕ್ಕೆ ಅವರ ಕೈ ನಡೆಯಲ್ಲ. ನೀವು ನಿಮ್ಮ ರಾಜ್ಯದ ಮಂಡಳಿ ಮುಂದೆ ಹೋಗ್ಬೇಕು."

"ಅದು ಇವತ್ತೇ ಕೂತಿದೆ," ಎಂದಳು ಆರ್ಡಿತ್.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಇಲ್ಲಿ ಕೊಡುವ ಅಧಿಕಾರ ಇದ್ದದ್ದೇ ಪೂಜಾರಿಗೆ. ಈ ಹೆಂಗಸು ಅವನ ಬಾಗಿಲನ್ನು ತಾನೇ ಎಳೆದುಕೊಂಡು ದೇವರ ಹತ್ತಿರ ಓಡಿದ್ದಳು. ಆ ಸಂಕಟವನ್ನು ಶತ್ರುವಿಗೂ ಬಯಸಬಾರದು.

ಲೈಲ್ ಮರುದಿನವೇ ಫೋನ್ ಮಾಡಿದ. "ಹಕ್ಕೀನ ಬಿಟ್ರಾ?"

"ಬಿಟ್ರು."

"ಹಂಗಾದ್ರೆ ನಂದೂ ಆಗುತ್ತೆ ಬಿಡು."

ನಿಜ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಕಾಗದ ದೊಡ್ಡವರ ಮೇಜಿನ ಮೇಲಿದೆ ಎಂದು ಮೂರು ತಿಂಗಳು ಸುಳ್ಳು ಹೇಳಿದಳು. ಫೆಬ್ರವರಿಯಲ್ಲಿ ಅವನು ಜೈಲಿನ ಆಸ್ಪತ್ರೆಯಲ್ಲೇ ತೀರಿಕೊಂಡ.

ಮಂಡಳಿಯ ವಿಚಾರಣೆ ಪಟ್ಟಿಯಿಂದ ಅವನ ಹೆಸರು ತೆಗೆಸಲು ಅವಳಿಗೆ ಮನಸ್ಸಾಗಲಿಲ್ಲ. ಏಪ್ರಿಲ್‌ನಲ್ಲಿ ಮಂಡಳಿ ಕೂತಾಗ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಲೈಲ್ ಹಾಗನ್ ಪರವಾಗಿ ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದರು. ಆರ್ಡಿತ್ ಎದ್ದು ನಿಂತು, ಬಂದಿದ್ದೇನೆ ಎಂದಳು.