ಬಾವಿಮನೆಯಮ್ಮನ ಅರ್ಜಿ

ಮೊನ್ನೆ ನಮ್ಮ ಬೀದಿ ತುದಿಯ ಅಂಡರ್‌ಗ್ರೌಂಡ್ ಮೆಟ್ರೋ ಸ್ಟೇಷನ್ನಿಗೆ ಮೊದಲ ಸಲ ಇಳಿದೆ. ಎಸ್ಕಲೇಟರ್ ಅರ್ಧ ಇಳಿಯುವಷ್ಟರಲ್ಲಿ ಆ ವಾಸನೆ... ತಣ್ಣಗಿನ, ಒದ್ದೆ ಕಲ್ಲಿನ ವಾಸನೆ. ಎಸಿ ಗಾಳಿಯೇ ಇರಬಹುದು. ನನಗೆ ಮಾತ್ರ ಬಾವಿಮನೆಯಮ್ಮನ ಬಾವಿಗೆ ಬಗ್ಗಿ ನೋಡಿದಂತಾಯಿತು.

ಈಗ ಎಸ್ಕಲೇಟರ್ ಇರುವಲ್ಲೇ ಆಕೆಯ ಹಿತ್ತಲಿತ್ತು. ನಲ್ಲಿಯಲ್ಲಿ ನೀರು ಬಾರದ ದಿನ ಇಡೀ ಬೀದಿ ಕೊಡ ಹಿಡಿದು ಅಲ್ಲಿ ಸೇರುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲೇ ಆಗ ಟೀಚರ್. "ಟೀಚರಮ್ಮಂಗೆ ಇಸ್ಕೂಲ್ಗೆ ಒತ್ತಾಯ್ತು, ಜಾಗ ಬಿಡ್ರೇ!" ಎಂದು ಆಕೆ ಗದರಿ ಮೊದಲ ಕೊಡ ನನಗೇ ತುಂಬಿಸುತ್ತಿದ್ದರು.

ಸ್ಟೇಷನ್ನಿಗೆ ಜಾಗ ಬೇಕೆಂಬ ನೋಟೀಸ್ ಬಂದಾಗ ನಾನು ರಿಟೈರ್ ಆಗಿದ್ದೆ. ಆಕ್ಷೇಪಣೆ ಕೊಡಲು ಶುಕ್ರವಾರ ಕೊನೆ.

"ಮನೆ ಓದ್ರೆ ಓಗ್ಲಿ ಟೀಚರಮ್ಮ. ಬಾವಿ ಬಿಟ್ಟು ಒಂದತ್ತಡಿ ಅತ್ಲಾಗೆ ಸರ್ಕೊಳ್ರಪ್ಪ ಅಂತ ಬರ್ಕೊಡಿ. ಇಂಗ್ಲೀಸಲ್ಲೇ ಬರೀರಿ, ಸೂಟ್ ಆಕ್ಕೊಂಡೋರು ಓದೋದು ಅದನ್ನೇ."

ಬರೆದೆ. ಒಂದೇ ಪದ ಎರಡು ಸಲ ಬಂತೆಂದು ಹರಿದೆ. ಮತ್ತೆ ಬರೆದೆ, ಕೊನೆಯ ಸಾಲಿನಲ್ಲಿ ಇಂಕ್ ಹರಡಿತು. ಬ್ಲಾಟ್ ಇರುವ ಕಾಗದ ಯಾರಿಗೂ ಕೊಡಬಾರದೆಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದರು... ಶುಕ್ರವಾರ ಮಧ್ಯಾಹ್ನ ಬಾವಿಮನೆಯಮ್ಮ ಬಂದು, "ಆಯ್ತಾ?" ಎಂದರು. "ಫೇರ್ ಕಾಪಿ ಒಂದು ಬಾಕಿ" ಎಂದೆ. ಇಂಥ ಲೆಟರ್ ನೋಡಿದರೆ ತಡವಾಯಿತೆಂದು ಯಾರು ತಳ್ಳುತ್ತಾರೆ ಎಂಬ ಜಂಬವಿತ್ತು ನನಗೆ.

ಸೋಮವಾರ ಇಬ್ಬರೂ ಮೆಟ್ರೋ ಆಫೀಸಿಗೆ ಹೋದೆವು. ಕೌಂಟರಿನಲ್ಲಿ ತೆಗೆದುಕೊಳ್ಳಲಿಲ್ಲ.

ಹೊರಗೆ ಬೆಂಚಿನ ಮೇಲೆ ಆಕೆಯೇ ನನಗೆ ಸಮಾಧಾನ ಹೇಳಿದರು. "ಅಳ್ಬೇಡಿ ಟೀಚರಮ್ಮ. ಅವ್ರು ಅಂಗೂ ಸರಿಯೋರಲ್ಲ." ಕಾಗದ ಮಾತ್ರ ನನಗೆ ವಾಪಸ್ ಕೊಡಲಿಲ್ಲ.

ಬಾವಿ ಮುಚ್ಚಿದ ದಿನ ನಾನು ಕಿಟಕಿ ತೆರೆಯಲಿಲ್ಲ. ಆಕೆ ಇದೇ ಊರಿನ ಸಿಂಗಾಪುರ ಬಡಾವಣೆಯಲ್ಲಿದ್ದ ಮಗಳ ಮನೆಗೆ ಹೋದರು. ಹೋಗಿ ನೋಡಲು ಮುಖ ಎಲ್ಲಿತ್ತು ನನಗೆ... ಕೊನೆಗೆ ಹೋದದ್ದು ಅವರ ಹನ್ನೊಂದನೆಯ ದಿನದ ಊಟಕ್ಕೆ.

ದೇವರ ಪಟಗಳ ಪಕ್ಕದಲ್ಲಿ, ಲ್ಯಾಮಿನೇಟ್ ಆಗಿ, ನನ್ನ ಅರ್ಜಿ.

"ಬಂದೋರ್ಗೆಲ್ಲ ತೋರ್ಸೋರು ಆಂಟಿ," ಎಂದಳು ಮಗಳು. "ನಮ್ ಬಾವಿಗೋಸ್ಕರ ಟೀಚರಮ್ಮ ಬರ್ದಿದ್ದು, ನೋಡ್ರಿ ಎಂಗೈತೆ ಅಕ್ಸರ ಅಂತ."

ನಿಂತು ಎರಡು ಸಲ ಓದಿದೆ. ಒಂದೂ ತಪ್ಪಿರಲಿಲ್ಲ.

"ಆಂಟಿ, ಸ್ವಲ್ಪ ಜಾಗ ಬಿಡ್ತೀರಾ? ಲೇಟಾಯ್ತು," ಎಂದಳು ಎಸ್ಕಲೇಟರಿನಲ್ಲಿ ಹಿಂದಿದ್ದ ಹುಡುಗಿ. ಸರಿದು ನಿಂತೆ. ಕೆಳಗೆ ತಲುಪುವಷ್ಟರಲ್ಲಿ ಆ ವಾಸನೆ ಹೋಗಿತ್ತು...