ನಿಲ್ಲದ ಗುಳ್ಳೆ

ಆಗ ನಾನು ಕಣ್ಣು ಪರೀಕ್ಷೆಯ ಬಸ್ಸು ಓಡಿಸುತ್ತಿದ್ದೆ. ಸ್ವಿಚ್ಚು ಒತ್ತಿದರೆ ಬಸ್ಸಿನ ಪಕ್ಕದಿಂದ ಒಂದು ಕೋಣೆಯೇ ಹೊರಗೆ ಜಾರಿ ಬರುತ್ತಿತ್ತು. ಅದಕ್ಕೆ ಮೊದಲು ನಾಲ್ಕು ಜಾಕ್ ಇಳಿಸಿ ಬಸ್ಸನ್ನು ಸಮಮಟ್ಟಕ್ಕೆ ತರಬೇಕು, ಇಲ್ಲದಿದ್ದರೆ ಕೋಣೆಯ ಭಾರಕ್ಕೆ ಬಸ್ಸೇ ವಾಲುತ್ತದೆ.

ಕನ್ಯಾನದ ಒಂದು ಗುಡ್ಡದ ಮೇಲೆ, ಮುರಕಲ್ಲಿನ ಬಯಲಲ್ಲಿ, ಬಸ್ಸಿನ ಮಟ್ಟ ತೋರಿಸುವ ರಸಮಟ್ಟದ ಗಾಜಿನೊಳಗಿನ ಗುಳ್ಳೆ ನಡುವಿಗೆ ಬಂದು ಮತ್ತೆ ಮೆಲ್ಲ ಜಾರುತ್ತಿತ್ತು. ಬಸ್ಸನ್ನು ಯಾರೂ ಮುಟ್ಟಿರಲಿಲ್ಲ.

"ಸಾಕು, ಕೋಣೆ ತೆಗೆಯುವ. ಜನ ಕಾಯ್ತಾ ಇದ್ದಾರೆ," ಎಂದರು ಡಾಕ್ಟರು.

"ಗುಳ್ಳೆ ನಿಲ್ಲದೆ ತೆಗೆಯುವುದಿಲ್ಲ," ಎಂದೆ.

ಹಿಂದಿನ ಜಾಕಿನ ಅಡಿಗೆ ಮರದ ಬೆಣೆ ಇಟ್ಟು ಸುತ್ತಿಗೆಯಲ್ಲಿ ಹೊಡೆದೆ. ಎರಡನೇ ಏಟಿಗೇ ಬೆಣೆ ಸೀಳಿಹೋಯಿತು. ಸಿಟ್ಟಿನಲ್ಲಿ ಸುತ್ತಿಗೆಯನ್ನು ಪೆಟ್ಟಿಗೆಗೆ ಹಾಕಿ ಕೂತೆ.

ಸ್ವಲ್ಪ ಹೊತ್ತಿಗೆ ಗುಡ್ಡದ ಬದಿಯಿಂದ ಒಬ್ಬ ಹತ್ತಿ ಬಂದ. ಮೈಯೆಲ್ಲ ಕೆಂಪು ಮಣ್ಣು, ಕೈಯಲ್ಲಿ ಆರಿದ ಮೇಣದಬತ್ತಿ.

"ಯಾರು ಕರೆದದ್ದು?"

"ಯಾರೂ ಕರೆಯಲಿಲ್ಲ ಮಾರಾಯ."

"ನಾನು ಇದರ ಅಡಿಯಲ್ಲೇ ನೀರಿಗೆ ಸುರಂಗ ತೋಡ್ತಾ ಇದ್ದೆ. ಮೇಲಿನಿಂದ ಮೂರು ಸಲ ಬಡಿದರೆ ಹೊರಗೆ ಬರುವುದು ನಮ್ಮ ಕ್ರಮ. ಮೂರು ಸಲ ಕೇಳಿತು, ಬಂದೆ."

ಅವನು ಮಾತು ಮುಗಿಸುವಷ್ಟರಲ್ಲಿ ಹಿಂದಿನ ಜಾಕಿನ ಅಡಿಯ ನೆಲ ಒಳಗೆ ಕುಸಿಯಿತು. ಬಸ್ಸು ನರಳಿ ಓರೆಯಾಗಿ ನಿಂತಿತು. ಅವನು ಆ ಹೊಂಡವನ್ನು ತುಂಬಾ ಹೊತ್ತು ನೋಡಿದ. ಆಮೇಲೆ ನನ್ನ ಕೈ ಹಿಡಿದುಕೊಂಡ.

"ನೀವು ಬಡಿದದ್ದಕ್ಕೆ ಉಳಿದೆ."

ನಾನು ಹೊಡೆದದ್ದು ಎರಡೇ ಏಟು. ಗುಳ್ಳೆ ಕೂದಲೆಳೆಯಷ್ಟು ಸರಿದರೂ ಜಗಳಕ್ಕೆ ನಿಲ್ಲುವ ನಾನು, ಅವತ್ತು ಅವನನ್ನು ತಿದ್ದಲು ಹೋಗಲಿಲ್ಲ.