ಊದಿಸುವ ಸಿಸ್ಟರ್

ನಾವು ಊದುವಾಗ ಸಿಸ್ಟರ್ ಅವರ ಕೆನ್ನೆಯೂ ಉಬ್ಬುತ್ತಿತ್ತು. ಕತ್ತಿನ ನರ ಬಿಗಿದು, ಮುಖ ಕೆಂಪಾಗಿ, ಒಬ್ಬೊಬ್ಬರ ಜೊತೆಗೂ ತಾವೇ ಊದಿದವರಂತೆ ಸುಸ್ತಾಗುತ್ತಿದ್ದರು. “ಇನ್ನೂ, ಇನ್ನೂ ಇದೆ ಒಳಗೆ, ಬಿಡಪ್ಪ” ಎಂದು ಅವರು ಹೇಳುವುದು ಹೊರಗೆ ಸಾಲಿನಲ್ಲಿ ನಿಂತ ನಮಗೂ ಕೇಳುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ಪೀಣ್ಯದ ಒಂದು ಎರಕದ ಕಾರ್ಖಾನೆಯಲ್ಲಿ ನನ್ನದು ಬ್ಲಾಸ್ಟಿಂಗ್ ಕೆಲಸ. ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ಎರಕದ ಕಬ್ಬಿಣವನ್ನು ಚೊಕ್ಕ ಮಾಡುವುದು. ಮೂಗಿಗೆ ಕಟ್ಟಿದ ಬಟ್ಟೆ ಮಧ್ಯಾಹ್ನದೊಳಗೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ವರ್ಷಕ್ಕೊಮ್ಮೆ ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೀಟರ್ ಪರೀಕ್ಷೆ; ಮಾಡಿಸುವವರು ಅಲ್ಲಿನ ನರ್ಸ್, ನಮ್ಮ ಸಿಸ್ಟರ್. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ಊದಿದಷ್ಟೂ ಸೂಜಿ ಹಾಳೆಯ ಮೇಲೆ ಗೆರೆ ಎಳೆಯುತ್ತಿತ್ತು. ಗೆರೆ ಗಿಡ್ಡವಾದವನನ್ನು ಮನೆಗೆ ಕಳಿಸುತ್ತಾರೆಂದು ಸುದ್ದಿ. ಅದಕ್ಕೇ ಒಂದು ವಾರ ಮೊದಲು ಬೀಡಿ ಬಿಟ್ಟು, ಕ್ಯಾಂಟೀನ್ ಹಿಂದೆ ಸೈಕಲ್ ಟ್ಯೂಬು ಊದಿ ಅಭ್ಯಾಸ ಮಾಡುತ್ತಿದ್ದೆವು, ದಡ್ಡ ಶಿಖಾಮಣಿಗಳು.

ಆ ವರ್ಷ ನನ್ನ ಟ್ಯೂಬು ಉಬ್ಬಲೇ ಇಲ್ಲ. ಹೆಂಡತಿಗೆ ಏಳು ತಿಂಗಳು. ಕೆಲಸ ಹೋದರೆ ಎನ್ನುವ ಭಯಕ್ಕೆ ಅನ್ನ ಸೇರುತ್ತಿರಲಿಲ್ಲ. ಪ್ಯಾಕಿಂಗ್ ವಿಭಾಗದ ಗೆಳೆಯನೊಬ್ಬ ಮದುವೆಗಳಲ್ಲಿ ಓಲಗ ಊದುತ್ತಿದ್ದ. ಅವನ ಕಾಲು ಹಿಡಿಯುವುದೊಂದು ಬಾಕಿ. ನನ್ನ ಕಾರ್ಡು ಕೊಟ್ಟು ಸಾಲಿಗೆ ನಿಲ್ಲಿಸಿದೆ. ಗೆರೆ ಉದ್ದವಾಗಿ ಬಂತು. ಡಾಕ್ಟರು ತಲೆ ಎತ್ತದೆ ಸಹಿ ಹಾಕಿದರು. ಸಿಸ್ಟರ್ ಮಾತ್ರ ಅವನ ಮುಖ ನೋಡಿದರಂತೆ, ಹಾಳೆಯನ್ನು ಬೇರೆಯಾಗಿ ಎತ್ತಿಟ್ಟುಕೊಂಡರಂತೆ. ಕಾರ್ಡು ಬದಲಿಸಿದ್ದು ತಿಳಿದರೆ ಇಬ್ಬರೂ ಆ ದಿನವೇ ಗೇಟಿನಾಚೆ.

ಮರುದಿನ ಕರೆ ಬಂತು. ಕೋಣೆಯಲ್ಲಿ ಸಿಸ್ಟರ್ ಒಬ್ಬರೇ ಇದ್ದರು. ನಾನು ಬಾಯಿ ತೆರೆದರೆ ಮಾತಿನ ಬದಲು ಕೆಮ್ಮು ಬಂತು. ಅದು ನಿಲ್ಲುವವರೆಗೂ ಕಾದು, ಹಾಳೆಯನ್ನು ಮುಂದೆ ಹಿಡಿದರು.

“ನಾಳೆ ಉಸಿರು ಸಿಕ್ತಿಲ್ಲ ಅಂತ ನೀನು ಬಂದ್ರೆ, ಕಂಪನಿಯವ್ರು ಇದನ್ನೇ ತೋರಿಸ್ತಾರೆ ಕಣಪ್ಪ. ನೋಡು, ಎಷ್ಟು ಚೆನ್ನಾಗಿದ್ದೆ, ನಮ್ಮ ತಪ್ಪೇನಿಲ್ಲ ಅಂತಾರೆ. ಆಗ ನಿನ್ನ ಗೆಳೆಯನ್ನ ಸಾಕ್ಷಿಗೆ ಕರ್ಕೊಂಡ್ ಬರ್ತೀಯಾ?”

ಹಾಳೆಯನ್ನು ಹರಿದು ನಾಲ್ಕು ಚೂರು ಮಾಡಿ, ಕ್ಲಿಪ್ಪನ್ನು ನನ್ನ ಮೂಗಿಗೆ ಹಾಕಿದರು. ಮೂರು ಸಲ ಊದಿದೆ. ಮೂರು ಸಲವೂ ಸೂಜಿ ಸ್ವಲ್ಪ ಎದ್ದು ಮಲಗಿಬಿಟ್ಟಿತು. ಅಯ್ಯೋ ದೇವರೇ, ಅಷ್ಟು ಹೆದರಿದ್ದು ನಾನು ಮತ್ತೆಂದೂ ಇಲ್ಲ. ಕೆಲಸದ ಚಿಂತೆ ಮರೆತೇ ಹೋಗಿ, ಹುಟ್ಟುವ ಮಗು ಅಪ್ಪ ಎನ್ನುವಷ್ಟು ದಿನ ಇರುತ್ತೇನೋ ಇಲ್ಲವೋ ಎಂದು ಅವರ ಮುಂದೆಯೇ ಅತ್ತೆ. ಅವರು ಸಮಾಧಾನದ ಸುಳ್ಳು ಹೇಳಲಿಲ್ಲ.

ಸುಳ್ಳು ಹೇಳಿದ್ದು ಡಾಕ್ಟರಿಗೆ: ಸೂಜಿ ಜಾರಿತ್ತು, ಮತ್ತೆ ಮಾಡಿದೆ ಎಂದು. ನನ್ನನ್ನು ಮರಳಿನಿಂದ ತೆಗೆಯಲೇಬೇಕೆಂದು ಮೂರು ದಿನ ಮ್ಯಾನೇಜರರ ಬಾಗಿಲು ಕಾದರು. ಕೊನೆಗೆ ನನ್ನನ್ನು ಸಾಮಾನಿನ ಸ್ಟೋರಿಗೆ ಹಾಕಿದರು.

ಮರುವರ್ಷದ ಪರೀಕ್ಷೆಗೆ ಸಿಸ್ಟರ್ ಇರಲಿಲ್ಲ. ಅಂಥವರು ಕಂಪನಿಗೆ ಬೇಡವಾಗಿದ್ದರು. ನನ್ನ ಉಪಾಯವನ್ನು ನನ್ನಿಂದಲೇ ಕಲಿತಿದ್ದ ಜೊತೆಗಾರರು ಬದಲಿ ಜನರಿಂದ ಊದಿಸಿ ಪಾಸಾದರು. ಬೇಡ ಕಣ್ರೋ ಎಂದು ನಾನು ಬೇಡಿಕೊಂಡರೆ, ನೀನು ಸೇಫಾದೆಯಲ್ಲ ಎಂದು ನಕ್ಕರು. ಆ ಹಾಳೆಗಳನ್ನು ಹರಿಯುವವರು ಯಾರೂ ಇರಲಿಲ್ಲ.

ಹೋದ ತಿಂಗಳು ಜಾಲಹಳ್ಳಿಯಲ್ಲಿ ಸಿಸ್ಟರ್ ತೀರಿಕೊಂಡರು. ಮೂರನೇ ಮಹಡಿಯ ಮನೆ. ನಾಲ್ಕು ಕಡೆ ನಿಂತು, ಉಸಿರೆಳೆದುಕೊಂಡು ಹತ್ತಿದೆ. ಬ್ಲಾಸ್ಟಿಂಗಿನಲ್ಲಿದ್ದ ಆರು ಜನರಲ್ಲಿ ಆ ಮೆಟ್ಟಿಲು ಹತ್ತಲು ಉಳಿದವನು ನಾನೊಬ್ಬನೇ.